ಲೋರ್ನಾ ವಿಂಗ್ ಅವರ ಕೆಲಸದ ತೂಕವನ್ನು ಉಲ್ಲೇಖಗಳ ಎಣಿಕೆ ಹೇಳುತ್ತದೆಯೇ?

ಪ್ರಶ್ನೆ: ವಿಶೇಷ ಶಿಕ್ಷಕಿ, ಹಾಸನ

ಎಲ್ಲರಿಗೂ ನಮಸ್ಕಾರ. ವಿಶೇಷ ಮಕ್ಕಳ ಶಾಲೆಯೊಂದರಲ್ಲಿ ಎಂಟು ವರ್ಷಗಳಿಂದ ಪಾಠ ಮಾಡುತ್ತಿರುವ ನಾನು ಈಗ ಕೆಲಸದ ಜೊತೆಗೇ ಪಿಎಚ್.ಡಿ.ಗೆ ನೋಂದಾಯಿಸಿಕೊಂಡಿದ್ದೇನೆ. ಆಟಿಸಂ ಇರುವ ಮಕ್ಕಳು ತರಗತಿಯಲ್ಲಿ ಉಳಿದವರೊಂದಿಗೆ ಹೇಗೆ ಒಡನಾಡುತ್ತಾರೆ ಎಂಬುದು ನನ್ನ ವಿಷಯ. ಪೂರ್ವ ಸಾಹಿತ್ಯದ ಸಮೀಕ್ಷೆಯನ್ನು ಬರೆಯುವ ಮೊದಲು, ಈ ಕ್ಷೇತ್ರದ ಮುಖ್ಯ ವಿದ್ವಾಂಸರನ್ನು ಪಟ್ಟಿ ಮಾಡಿ, ಪ್ರತಿಯೊಬ್ಬರ ಎದುರಿಗೆ ಅವರ ಬರಹಗಳನ್ನು ಇತರರು ಒಟ್ಟು ಎಷ್ಟು ಬಾರಿ ಉಲ್ಲೇಖಿಸಿದ್ದಾರೆ ಎಂಬುದನ್ನೂ ಆ ಉಲ್ಲೇಖಗಳಿಂದ ಲೆಕ್ಕ ಹಾಕುವ ಎಚ್-ಸೂಚ್ಯಂಕವನ್ನೂ ಬರೆದು, ದೊಡ್ಡ ಸಂಖ್ಯೆಯಿಂದ ಚಿಕ್ಕ ಸಂಖ್ಯೆಗೆ ಇಳಿಯುವಂತೆ ಜೋಡಿಸಿಕೊಂಡು ಬರಲು ನನ್ನ ಮಾರ್ಗದರ್ಶಕರು ತಿಳಿಸಿದ್ದರು. ಹಾಗೆಯೇ ಮಾಡಿದೆ. ಪಟ್ಟಿಯ ಮೇಲ್ಭಾಗದಲ್ಲಿ ಸೈಮನ್ ಬ್ಯಾರನ್-ಕೋಹೆನ್, ಮೈಕೆಲ್ ರಟರ್, ಕ್ಯಾಥರೀನ್ ಲಾರ್ಡ್ ಅವರ ಹೆಸರುಗಳು ಬಂದವು. ಬ್ರಿಟಿಷ್ ಮನೋವೈದ್ಯೆ ಲೋರ್ನಾ ವಿಂಗ್ ಅವರ ಹೆಸರು ಎಷ್ಟೋ ಸಾಲು ಕೆಳಗೆ ಹೋಗಿ ಕುಳಿತಿತು.

ಇದನ್ನು ಒಪ್ಪಿಕೊಳ್ಳಲು ನನ್ನ ಮನಸ್ಸು ಸಿದ್ಧವಿಲ್ಲ. ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದಾನೆ. ಶಾಲೆಗೆ ಯಾರೇ ಹೊಸಬರು ಬಂದರೂ ನೇರವಾಗಿ ಅವರ ಬಳಿಗೆ ಹೋಗಿ, ಮುಖಕ್ಕೆ ಮುಖ ತಾಗುವಷ್ಟು ಹತ್ತಿರ ನಿಂತು, ಯಾವ ಬಸ್ಸಿನಲ್ಲಿ ಬಂದಿರಿ, ಅದರ ನಂಬರ್ ಎಷ್ಟು, ಚನ್ನರಾಯಪಟ್ಟಣದಲ್ಲಿ ಎಷ್ಟು ಹೊತ್ತು ನಿಂತಿತು ಎಂದು ಒಂದರ ಹಿಂದೊಂದು ಪ್ರಶ್ನೆ ಕೇಳುತ್ತಾನೆ. ಉತ್ತರ ಬಂದ ಮೇಲೂ ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಾನೆ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಹಿರಿಯ ಸಹೋದ್ಯೋಗಿಯೊಬ್ಬರು, 'ಇಷ್ಟು ಮಾತನಾಡುವವನಿಗೆ ಆಟಿಸಂ ಹೇಗೆ ಬಂದೀತು' ಎಂದಿದ್ದರು. ಆಟಿಸಂ ಇರುವ ಮಕ್ಕಳಲ್ಲಿ ಜನರಿಂದ ದೂರವೇ ಉಳಿಯುವವರು, ಕರೆದರೆ ಬರುವರಾದರೂ ತಾವಾಗಿ ಮುಂದೆ ಬಾರದವರು, ತಾವೇ ಮುಂದೆ ಬಂದು ಮಾತಿಗಿಳಿದರೂ ಎದುರಿನವರ ಲಯವನ್ನು ಹಿಡಿಯಲಾಗದವರು ಎಂಬ ಮೂರು ಬಗೆಗಳನ್ನು ವಿಂಗ್ ಮತ್ತು ಜುಡಿತ್ ಗೌಲ್ಡ್ ಅವರು 1979ರಲ್ಲಿ ಗುರುತಿಸಿದ್ದನ್ನು ಓದಿದ ದಿನವೇ ಆ ಹುಡುಗ ನನಗೆ ಅರ್ಥವಾದದ್ದು. ನಮ್ಮ ತರಬೇತಿಯ ಅರ್ಧಕ್ಕರ್ಧ ಮಾತು ವಿಂಗ್ ಅವರದ್ದೇ ಆಗಿರುವಾಗ ಪಟ್ಟಿಯಲ್ಲಿ ಅವರು ಅಷ್ಟು ಕೆಳಗೇಕೆ ಇದ್ದಾರೆ? ನನ್ನ ಎಣಿಕೆಯಲ್ಲಿ ತಪ್ಪಿದೆಯೇ, ಅಥವಾ ಎಣಿಕೆಯ ಕ್ರಮದಲ್ಲಿಯೇ ಏನಾದರೂ ಕೊರತೆಯಿದೆಯೇ? ಅವರ ಪ್ರಭಾವವನ್ನು ಮಾರ್ಗದರ್ಶಕರು ಒಪ್ಪುವ ರೀತಿಯಲ್ಲಿ ಹೇಗೆ ಬರೆಯಬಹುದು ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ: ನಿವೃತ್ತ ಗ್ರಂಥಪಾಲಕ, ಧಾರವಾಡ

ಮೇಡಂ, ಆಟಿಸಂ ನನ್ನ ವಿಷಯವಲ್ಲ. ಆದರೆ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಸಂಶೋಧಕರಿಗೆ ಇಂಥ ಪಟ್ಟಿಗಳನ್ನು ಮಾಡಿಕೊಡುವುದರಲ್ಲಿಯೇ ನನ್ನ ಸೇವೆಯ ಬಹುಪಾಲು ಕಳೆದಿದೆ. ನಿಮ್ಮ ಎಣಿಕೆ ಬಹುಶಃ ಸರಿಯಾಗಿಯೇ ಇದೆ. ಆ ಸಂಖ್ಯೆ ಯಾವ ಪ್ರಶ್ನೆಗೆ ಉತ್ತರವೋ ಆ ಪ್ರಶ್ನೆಯನ್ನು ನೀವು ಕೇಳಿರಲಿಲ್ಲ, ಅಷ್ಟೇ.

ಎಚ್-ಸೂಚ್ಯಂಕವನ್ನು ಭೌತವಿಜ್ಞಾನಿ ಜಾರ್ಜ್ ಹಿರ್ಷ್ ಅವರು 2005ರಲ್ಲಿ ಮುಂದಿಟ್ಟರು. ಒಬ್ಬರು ಬರೆದ ಲೇಖನಗಳಲ್ಲಿ 40 ಲೇಖನಗಳು ತಲಾ 40 ಬಾರಿಯಾದರೂ ಉಲ್ಲೇಖಗೊಂಡಿದ್ದು, 41 ಲೇಖನಗಳು ತಲಾ 41 ಬಾರಿ ಉಲ್ಲೇಖಗೊಂಡಿರದಿದ್ದರೆ ಅವರ ಸೂಚ್ಯಂಕ 40 ಆಗುತ್ತದೆ. ಈ ಲೆಕ್ಕದಲ್ಲಿ, ಐದೇ ಲೇಖನಗಳನ್ನು ಬರೆದು ಪ್ರತಿಯೊಂದೂ 3000 ಬಾರಿ ಉಲ್ಲೇಖಗೊಂಡ ವಿದ್ವಾಂಸರ ಸೂಚ್ಯಂಕ 5ನ್ನು ದಾಟುವುದಿಲ್ಲ. ತಲಾ 60 ಬಾರಿ ಉಲ್ಲೇಖಗೊಂಡ 60 ಲೇಖನಗಳನ್ನು ಬರೆದವರ ಸೂಚ್ಯಂಕ 60 ಆಗಿರುತ್ತದೆ. ದೊಡ್ಡ ಪ್ರಯೋಗಾಲಯವನ್ನು ನಡೆಸುತ್ತ, ಹತ್ತಾರು ಸಹಲೇಖಕರೊಂದಿಗೆ ದಶಕಗಳ ಕಾಲ ನಿರಂತರವಾಗಿ ಪ್ರಕಟಿಸುವವರಿಗೆ ಈ ಅಳತೆ ಅನುಕೂಲಕರವಾಗಿದೆ. ನೀವು ಹೇಳಿದ ಲೇಖಕಿಯಂತೆ ಕೆಲವೇ ನಿರ್ಣಾಯಕ ಲೇಖನಗಳನ್ನೂ, ತಂದೆತಾಯಂದಿರಿಗಾಗಿ ಪುಸ್ತಕಗಳನ್ನೂ ಬರೆದವರಿಗೆ ಹಾಗಿಲ್ಲ. ಪುಸ್ತಕಗಳನ್ನೂ ಪುಸ್ತಕದ ಅಧ್ಯಾಯಗಳನ್ನೂ ಉಲ್ಲೇಖಗಳ ಲೆಕ್ಕವಿಡುವ ಸ್ಕೋಪಸ್, ವೆಬ್ ಆಫ್ ಸೈನ್ಸ್‌ನಂತಹ ಕೋಶಗಳು ಲೇಖನಗಳಷ್ಟು ಪೂರ್ಣವಾಗಿ ಹಿಡಿಯುವುದಿಲ್ಲ. ಗೂಗಲ್ ಸ್ಕಾಲರ್ ಹೆಚ್ಚು ಹಿಡಿಯುತ್ತದೆಯಾದರೂ ಅಷ್ಟೇ ಹೆಚ್ಚು ಕಸವನ್ನೂ ಸೇರಿಸಿಕೊಳ್ಳುತ್ತದೆ. ಆದ್ದರಿಂದ ಪಟ್ಟಿಯ ತಲೆಯ ಮೇಲೆ ಯಾವ ಕೋಶವನ್ನು ಯಾವ ದಿನಾಂಕದಂದು ನೋಡಿದಿರಿ ಎಂಬುದನ್ನು ಬರೆಯದೆ ಒಂದೂ ಸಂಖ್ಯೆಯನ್ನು ಕೊಡಬೇಡಿ.

ಇನ್ನೊಂದು ವಿಷಯವನ್ನು ಗಮನಿಸಿ. ಒಂದು ಲೇಖನವನ್ನು ಉಲ್ಲೇಖಿಸಲು ಹಲವು ಕಾರಣಗಳಿರುತ್ತವೆ. ಕ್ಯಾಥರೀನ್ ಲಾರ್ಡ್ ಮತ್ತು ಸಂಗಡಿಗರು ರೂಪಿಸಿದ ಎಡಾಸ್, ಎಡಿಐ-ಆರ್ ಎಂಬ ಪರೀಕ್ಷಾ ಸಾಧನಗಳನ್ನು ಬಳಸಿದ ಪ್ರತಿಯೊಬ್ಬ ಸಂಶೋಧಕನೂ ತನ್ನ ಲೇಖನದ ವಿಧಾನ ಭಾಗದಲ್ಲಿ ಆ ಸಾಧನದ ಮೂಲ ಲೇಖನವನ್ನು ಹೆಸರಿಸಲೇಬೇಕು. ಅದು ನ್ಯಾಯವಾದ ಋಣಸಂದಾಯವೇ ಸರಿ, ಆ ಸಾಧನಗಳ ಹಿಂದಿನ ಶ್ರಮವೂ ದೊಡ್ಡದು. ಆದರೆ ಅಂಥ ಉಲ್ಲೇಖವೂ ಒಂದು ವಿಚಾರದೊಂದಿಗೆ ಹೆಣಗಾಡಿ ಬರೆದ ಉಲ್ಲೇಖವೂ ಎಣಿಕೆಯ ಯಂತ್ರಕ್ಕೆ ಒಂದೇ. ಇದಕ್ಕೆ ವಿರುದ್ಧವಾದ ಇನ್ನೊಂದು ಸಂಗತಿಯನ್ನು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಅವರು ಗುರುತಿಸಿದ್ದರು: ಒಂದು ವಿಚಾರ ಎಷ್ಟು ಚೆನ್ನಾಗಿ ಬೇರೂರುತ್ತದೆಯೆಂದರೆ, ಅದನ್ನು ಯಾರು ಹೇಳಿದರೆಂಬುದನ್ನು ಬರೆಯುವ ಅಗತ್ಯವೇ ಯಾರಿಗೂ ಕಾಣದಂತಾಗುತ್ತದೆ, ಅಂದರೆ ಒಪ್ಪಿಗೆಯೇ ಮೂಲವನ್ನು ಅಳಿಸಿಹಾಕುತ್ತದೆ. ನಿಮ್ಮ ಲೇಖಕಿಯ ವಿಷಯದಲ್ಲಿ ಹೀಗೇ ಆಗಿರಬಹುದೇ ಎಂಬುದನ್ನು ಆಟಿಸಂ ಬಲ್ಲವರು ಹೇಳಬೇಕು.

ಉತ್ತರ: ಕ್ಲಿನಿಕಲ್ ಸೈಕಾಲಜಿಸ್ಟ್, ಮೈಸೂರು

ಗ್ರಂಥಪಾಲಕ ಸರ್ ಕೇಳಿದ ಪ್ರಶ್ನೆಗೆ ಹೌದು ಎಂಬುದೇ ನನ್ನ ಉತ್ತರ. ಒಂದು ಉದಾಹರಣೆಯನ್ನು ನಮ್ಮ ದೇಶದ ಕಾನೂನಿನಿಂದಲೇ ಕೊಡುತ್ತೇನೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಇದ್ದದ್ದು 'ಆಟಿಸಂ' ಎಂಬ ಪದ ಮಾತ್ರ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡುವಾಗ 'ಆಟಿಸಂ ಸ್ಪೆಕ್ಟ್ರಂ ಡಿಸಾರ್ಡರ್' ಎಂದು ಬರೆಯುತ್ತದೆ. ನಮ್ಮ ವಿಭಾಗಕ್ಕೆ ಪ್ರಮಾಣಪತ್ರಕ್ಕಾಗಿ ಬರುವ ತಂದೆತಾಯಂದಿರು ಕೈಯಲ್ಲಿ ಹಿಡಿದ ಕಾಗದದಲ್ಲಿಯೂ ಈಗ ಅದೇ ಪದವಿದೆ. ಆಟಿಸಂ ಎಂಬುದು ಗೆರೆ ಎಳೆದು ಬೇರ್ಪಡಿಸಿದ ಒಂದು ಪೆಟ್ಟಿಗೆಯಲ್ಲ, ಹಲವು ಬಣ್ಣಗಳು ಒಂದರೊಳಗೊಂದು ಬೆರೆತು ಸಾಗುವ ಹರವು ಎಂಬ ಕಲ್ಪನೆಯನ್ನು ಈ ಕ್ಷೇತ್ರದಲ್ಲಿ ನೆಲೆಗೊಳಿಸಿದವರಲ್ಲಿ ಮೊದಲ ಹೆಸರು ಲೋರ್ನಾ ವಿಂಗ್ ಅವರದು. ಕಾನೂನು ಯಾರನ್ನೂ ಉಲ್ಲೇಖಿಸುವುದಿಲ್ಲ, ಪ್ರಮಾಣಪತ್ರವೂ ಉಲ್ಲೇಖಿಸುವುದಿಲ್ಲ.

ಆ ಕಲ್ಪನೆ ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ನಿಮ್ಮ ಅಧ್ಯಾಯದ ತಿರುಳು ಅಲ್ಲಿಯೇ ಇದೆ. ಲಿಯೋ ಕ್ಯಾನರ್ ಅವರು 1943ರಲ್ಲಿ 11 ಮಕ್ಕಳನ್ನು ವರ್ಣಿಸಿ ಆಟಿಸಂಗೆ ವೈದ್ಯಶಾಸ್ತ್ರದಲ್ಲಿ ಒಂದು ಚಿತ್ರವನ್ನು ಕೊಟ್ಟರು. ಮುಂದಿನ ಎರಡು-ಮೂರು ದಶಕಗಳ ಕಾಲ ಆ ಚಿತ್ರಕ್ಕೆ ಅಚ್ಚುಕಟ್ಟಾಗಿ ಹೊಂದುವ ಮಕ್ಕಳನ್ನು ಮಾತ್ರ ಎಣಿಸಲಾಗುತ್ತಿತ್ತು. ಇಂಗ್ಲೆಂಡಿನ ಮಿಡ್ಲ್‌ಸೆಕ್ಸ್‌ನಲ್ಲಿ ವಿಕ್ಟರ್ ಲಾಟರ್ ಅವರು ನಡೆಸಿ 1966ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ದೊರೆತದ್ದು 10,000 ಮಕ್ಕಳಿಗೆ 4.5 ಎಂಬ ಪ್ರಮಾಣ. ಲಂಡನ್ನಿನ ಮನೋವೈದ್ಯಶಾಸ್ತ್ರ ಸಂಸ್ಥೆಯಲ್ಲಿದ್ದ ವೈದ್ಯಕೀಯ ಸಂಶೋಧನಾ ಮಂಡಳಿಯ ಸಾಮಾಜಿಕ ಮನೋವೈದ್ಯಶಾಸ್ತ್ರ ಘಟಕದಲ್ಲಿ ಕೆಲಸ ಮಾಡುತ್ತಿದ್ದ ವಿಂಗ್ ಅವರು ಪ್ರಶ್ನೆಯನ್ನೇ ತಿರುಗಿಸಿ ಕೇಳಿದರು. ಕ್ಯಾನರ್ ಅವರ ವರ್ಣನೆಯನ್ನು ಕೈಯಲ್ಲಿ ಹಿಡಿದು ಅದಕ್ಕೆ ಹೊಂದುವ ಮಕ್ಕಳನ್ನು ಹುಡುಕುವ ಬದಲು, ದಕ್ಷಿಣ ಲಂಡನ್ನಿನ ಕ್ಯಾಂಬರ್‌ವೆಲ್ ಎಂಬ ಒಂದೇ ಪ್ರದೇಶದಲ್ಲಿ ಯಾವುದಾದರೂ ನೆರವಿನ ವ್ಯವಸ್ಥೆಗೆ ಪರಿಚಿತರಾಗಿದ್ದ, 15 ವರ್ಷದೊಳಗಿನ ಮಕ್ಕಳೆಲ್ಲರನ್ನೂ ತೆಗೆದುಕೊಂಡು, ಅವರ ಪೈಕಿ ಯಾರಿಗೆ ಸಾಮಾಜಿಕ ಒಡನಾಟದಲ್ಲಿ ಯಾವ ಬಗೆಯ ತೊಡಕಿದೆ ಎಂಬುದನ್ನು ಅವರೂ ಜುಡಿತ್ ಗೌಲ್ಡ್ ಅವರೂ ನೋಡಿದರು.

ಕೂಲಂಕಷವಾಗಿ ಪರೀಕ್ಷಿಸಿದ 132 ಮಕ್ಕಳಲ್ಲಿ 74 ಮಕ್ಕಳಿಗೆ ಸಾಮಾಜಿಕ ಒಡನಾಟದ ತೀವ್ರ ತೊಡಕು ಕಂಡುಬಂದಿತು. ಆ 74ರಲ್ಲಿ ಕ್ಯಾನರ್ ಅವರ ಚಿತ್ರಕ್ಕೆ ಹೊಂದುವ ಪೂರ್ವೇತಿಹಾಸ ಇದ್ದದ್ದು 17 ಮಕ್ಕಳಿಗೆ ಮಾತ್ರ. ಪ್ರಮಾಣದಲ್ಲಿ ಹೇಳುವುದಾದರೆ, 10,000ಕ್ಕೆ 4.9 ಇದ್ದದ್ದು 21.2 ಆಯಿತು. ಉಳಿದ 57 ಮಕ್ಕಳ ಬಗ್ಗೆ ಒಂದು ಕ್ಷಣ ಯೋಚಿಸಿ. ಅವರಲ್ಲಿಯೂ ಬಹುತೇಕ ಎಲ್ಲರಿಗೂ ಒಡನಾಟ, ಸಂವಹನ, ಕಲ್ಪನೆ ಈ ಮೂರರಲ್ಲಿಯೂ ತೊಡಕು ಒಟ್ಟೊಟ್ಟಿಗೆ ಇತ್ತು, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವ ಪ್ರವೃತ್ತಿಯೂ ಇತ್ತು. ಆದರೆ ಆಟಿಸಂ ಎಂಬ ಹೆಸರಿಲ್ಲದ ಕಾರಣ ಅದಕ್ಕೆ ತಕ್ಕ ನೆರವು ಸಿಗುವುದು ಕಷ್ಟವಿತ್ತು. ಈ ಮೂರು ತೊಡಕುಗಳ ಒಕ್ಕೂಟವನ್ನೇ ಮುಂದೆ ವಿಂಗ್ ಅವರ ತ್ರಿಕ ಎಂದು ಕರೆದರು. ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯಾದ ಡಿಎಸ್‌ಎಂನ 1987ರ ಪರಿಷ್ಕರಣೆಯಲ್ಲಿ ಲಕ್ಷಣಗಳನ್ನು ಮೂರು ಗುಂಪುಗಳಾಗಿ ಜೋಡಿಸಿದ ಕ್ರಮದಲ್ಲಿ ಅದರ ಅಚ್ಚು ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿಂದ ಮುಂದೆ ಮೂರು ಗುಂಪುಗಳನ್ನು ಬಳಸಿದವರು ಉಲ್ಲೇಖಿಸಿದ್ದು ಡಿಎಸ್‌ಎಂ ಅನ್ನು, ವಿಂಗ್ ಅವರನ್ನಲ್ಲ.

1981ರ ಲೇಖನದ ಕಥೆಯೇ ಬೇರೆ. ವಿಯೆನ್ನಾದ ಹ್ಯಾನ್ಸ್ ಆಸ್ಪರ್ಗರ್ ಅವರು 1944ರಲ್ಲಿ ಜರ್ಮನ್ ಭಾಷೆಯಲ್ಲಿ ಬರೆದ ಪ್ರಬಂಧವು ಇಂಗ್ಲಿಷ್ ಬಲ್ಲ ಜಗತ್ತಿನಲ್ಲಿ ಹೆಚ್ಚುಕಡಿಮೆ ಅಪರಿಚಿತವಾಗಿಯೇ ಉಳಿದಿತ್ತು. ವಿಂಗ್ ಅವರು 5ರಿಂದ 35 ವರ್ಷದವರೆಗಿನ 34 ವ್ಯಕ್ತಿಗಳ ವಿವರಗಳೊಂದಿಗೆ ಅದನ್ನು 'ಸೈಕಲಾಜಿಕಲ್ ಮೆಡಿಸಿನ್' ಪತ್ರಿಕೆಯಲ್ಲಿ ಪರಿಚಯಿಸಿ, 'ಆಸ್ಪರ್ಗರ್ ಸಿಂಡ್ರೋಮ್' ಎಂಬ ಹೆಸರನ್ನು ಚಾಲ್ತಿಗೆ ತಂದರು. ಆ ಪ್ರಬಂಧದ ಪೂರ್ಣ ಇಂಗ್ಲಿಷ್ ಅನುವಾದ ಊಟಾ ಫ್ರಿತ್ ಅವರಿಂದ ಬಂದದ್ದು ಹತ್ತು ವರ್ಷಗಳ ಬಳಿಕ, 1991ರಲ್ಲಿ. 1994ರ ಡಿಎಸ್‌ಎಂ-4ರಲ್ಲಿ ಆ ಹೆಸರಿಗೆ ಸ್ಥಾನ ಸಿಕ್ಕಿತು. 2013ರ ಡಿಎಸ್‌ಎಂ-5ರಲ್ಲಿ ಅದನ್ನು ಕೈಬಿಟ್ಟು ಎಲ್ಲವನ್ನೂ ಸ್ಪೆಕ್ಟ್ರಂ ಎಂಬ ಒಂದೇ ಹೆಸರಿನಡಿ ತಂದರು. ವಿಂಗ್ ಅವರು ಆ ಹೆಸರನ್ನು ತಂದದ್ದು ಆಟಿಸಂಗಿಂತ ಬೇರೆಯೇ ಆದ ಒಂದು ಕಾಯಿಲೆಯನ್ನು ಸ್ಥಾಪಿಸುವುದಕ್ಕಲ್ಲ, ಬುದ್ಧಿ ಚುರುಕಾಗಿದ್ದು ಮಾತು ಬರುತ್ತಿದ್ದರೂ ಆಟಿಸಂನ ತೊಡಕುಗಳನ್ನೇ ಅನುಭವಿಸುತ್ತಿದ್ದವರನ್ನು ಗುರುತಿಸುವುದಕ್ಕೆ. ಓದುಗರಾದರೋ ಅದನ್ನು ಬೇರೆ ಕಾಯಿಲೆಯೆಂದೇ ಹಿಡಿದರು. ಹಾಗಾದದ್ದು ಅವರಿಗೂ ನೋವಿನ ವಿಷಯವಾಗಿತ್ತು. 2005ರಲ್ಲಿ ಹಿಂತಿರುಗಿ ನೋಡಿ ಬರೆದ ಬರಹಕ್ಕೆ ಅವರು, ಗ್ರೀಕ್ ಕಥೆಯಲ್ಲಿ ತೆರೆದೊಡನೆ ಅನರ್ಥಗಳೆಲ್ಲ ಹೊರಬೀಳುವ ಪಂಡೋರಾಳ ಪೆಟ್ಟಿಗೆಯನ್ನು ತೆರೆದದ್ದರ ಬಗ್ಗೆ ಎಂದೇ ಹೆಸರಿಟ್ಟರು. ಈ ಲೇಖನ ಸಾವಿರಗಟ್ಟಲೆ ಬಾರಿ ಉಲ್ಲೇಖಗೊಂಡಿದೆ. ಅವುಗಳಲ್ಲಿ ಎಷ್ಟೋ ಉಲ್ಲೇಖಗಳು ಲೇಖಕಿ ಹೇಳದೇ ಇದ್ದುದನ್ನು ಅವರ ಹೆಸರಿಗೆ ಹಚ್ಚಿವೆ ಎಂಬುದು ಮೂಲವನ್ನು ಓದಿದವರಿಗೆ ಮಾತ್ರ ತಿಳಿಯುತ್ತದೆ. ಆ ಲೇಖನ 34 ಜನರನ್ನು ವರ್ಣಿಸುವ ವೈದ್ಯಕೀಯ ವಿವರಣೆಯೇ ಹೊರತು ಯಾವುದನ್ನೂ ಸಾಬೀತುಪಡಿಸಲು ಹೊರಟ ಪ್ರಯೋಗವಲ್ಲ. ಆದ್ದರಿಂದ ಮೇಡಂ, ದಯವಿಟ್ಟು ಮೂಲವನ್ನೇ ಓದಿ ಬರೆಯಿರಿ.

ಉತ್ತರ: ಒಬ್ಬ ತಂದೆ, ಲಂಡನ್

ನಾನು ಸಂಶೋಧಕನಲ್ಲ. ಹದಿನಾರು ವರ್ಷಗಳ ಹಿಂದೆ ತುಮಕೂರಿನಿಂದ ಇಲ್ಲಿಗೆ ಬಂದು ನೆಲೆಸಿದವನು. ನನ್ನ ಮಗನಿಗೆ ಆಟಿಸಂ ಇದೆ. ಮೇಲಿನ ಇಬ್ಬರೂ ಹಿರಿಯರು ಹೇಳಿದ್ದಕ್ಕೆ ಒಂದು ಸಂಗತಿಯನ್ನು ಸೇರಿಸಬೇಕೆನಿಸಿತು.

ಲೋರ್ನಾ ವಿಂಗ್ ಅವರು ಮೊದಲಿಗೆ ಒಬ್ಬ ತಾಯಿ. ಅವರ ಮಗಳು ಸೂಸಿ ಹುಟ್ಟಿದ್ದು 1956ರಲ್ಲಿ. ಗಂಡ ಹೆಂಡತಿ ಇಬ್ಬರೂ ವೈದ್ಯರಾಗಿದ್ದರೂ ಮಗುವಿಗೆ ಏನಾಗಿದೆಯೆಂಬುದು ಆರಂಭದಲ್ಲಿ ಅವರಿಗೆ ತಿಳಿಯಲಿಲ್ಲ. ಮಿಲ್ಡ್ರೆಡ್ ಕ್ರೀಕ್ ಎಂಬ ಮನೋವೈದ್ಯೆಯ ಉಪನ್ಯಾಸವೊಂದನ್ನು ಕೇಳಿ ಬಂದ ಪತಿ ಜಾನ್ ವಿಂಗ್ ಅವರು, ಅಲ್ಲಿ ವರ್ಣಿಸಿದ್ದು ನಮ್ಮ ಮಗಳನ್ನೇ ಎಂದು ಗುರುತಿಸಿದರು. ಮಕ್ಕಳಿಗೆ ಹೀಗಾಗಲು ತಾಯಿಯ ಮನಸ್ಸಿನ ತಣ್ಣಗಿನ ಸ್ವಭಾವವೇ ಕಾರಣವೆಂದು ದೊಡ್ಡ ದೊಡ್ಡವರೇ ನಂಬಿದ್ದ ಕಾಲವದು. 1962ರಲ್ಲಿ ವಿಂಗ್ ದಂಪತಿ ಮತ್ತು ಇತರ ಕೆಲವು ತಂದೆತಾಯಂದಿರು ಸೇರಿ ಸಂಘವೊಂದನ್ನು ಕಟ್ಟಿದರು. ಅದೇ ಇಂದಿನ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿ. ಆ ಸಂಘದ ಆಶ್ರಯದಲ್ಲಿ ಸಿಬಿಲ್ ಎಲ್ಗರ್ ಅವರ ಮುಂದಾಳತ್ವದ ಶಾಲೆ 1965ರಲ್ಲಿ ಲಂಡನ್ನಿನ ಈಲಿಂಗ್‌ನಲ್ಲಿ ಆರಂಭವಾಯಿತು. ಸೂಸಿ 2005ರಲ್ಲಿ ತೀರಿಕೊಂಡರು. ತಾಯಿ 2014ರ ಜೂನ್ 6ರಂದು, 85ನೆಯ ವಯಸ್ಸಿನಲ್ಲಿ ತೀರಿಕೊಂಡರು.

ನನ್ನ ಮಗನನ್ನು ಪರೀಕ್ಷಿಸಿದ ದಿನ ಬಳಸಿದ್ದು ವಿಂಗ್ ಅವರೂ ಸಂಗಡಿಗರೂ ಸಿದ್ಧಪಡಿಸಿದ ಡಿಸ್ಕೋ ಎಂಬ ಸಂದರ್ಶನ ಕ್ರಮವನ್ನು. ಮೂರು ಗಂಟೆಗೂ ಹೆಚ್ಚು ಕಾಲ ನಮ್ಮನ್ನು ಕೂರಿಸಿಕೊಂಡು ಮಾತನಾಡಿಸಿದರು. ಮಗುವಿಗೆ ಏನು ಬರುವುದಿಲ್ಲ ಎಂದು ಕೇಳಲಿಲ್ಲ. ನೀರು ಬೇಕಾದರೆ ಹೇಗೆ ಕೇಳುತ್ತಾನೆ, ನಿಮ್ಮ ಕೈ ಹಿಡಿದು ಎಳೆದುಕೊಂಡು ಹೋಗುತ್ತಾನೆಯೇ, ಎಳೆಯುವಾಗ ನಿಮ್ಮ ಮುಖವನ್ನು ನೋಡುತ್ತಾನೆಯೇ ಅಥವಾ ಕೈಯನ್ನು ಮಾತ್ರವೇ ಎಂದು ಕೇಳಿದರು. ಆ ಕೊನೆಯ ಪ್ರಶ್ನೆಗೆ ನನ್ನ ಹೆಂಡತಿ ಬಹಳ ಹೊತ್ತು ಉತ್ತರ ಕೊಡಲಿಲ್ಲ. ಆಮೇಲೆ, 'ಕೈಯನ್ನು ಮಾತ್ರ' ಎಂದಳು. ಮಗುವಿನ ಜೊತೆ ಹಗಲು ರಾತ್ರಿ ಕಳೆದವರಲ್ಲದೆ ಇಂಥ ಪ್ರಶ್ನೆಯನ್ನು ಬೇರೆ ಯಾರೂ ಕಟ್ಟಲಾರರು ಎಂದು ನನಗೆ ಆಗಲೇ ಅನ್ನಿಸಿತ್ತು. 1971ರಲ್ಲಿ ಅವರು ತಂದೆತಾಯಂದಿರಿಗಾಗಿ ಬರೆದ ಕೈಪಿಡಿಯನ್ನು ಎಷ್ಟು ಮನೆಗಳಲ್ಲಿ ಓದಿದರು ಎಂಬುದನ್ನು ಯಾವ ಕೋಶದಲ್ಲಿಯೂ ಹುಡುಕಲಾಗದು. ನಿಮ್ಮ ಅಧ್ಯಾಯದಲ್ಲಿ ಇದಕ್ಕೂ ಒಂದೆರಡು ಸಾಲು ಜಾಗ ಕೊಡಿ ಅಕ್ಕ.

ಉತ್ತರ: ಸಂಶೋಧನಾ ವಿದ್ಯಾರ್ಥಿ, ಬೆಂಗಳೂರು

ನನಗೆ 26ನೆಯ ವಯಸ್ಸಿನಲ್ಲಿ ಆಟಿಸಂ ಇದೆಯೆಂದು ತಿಳಿಯಿತು. ಈಗ ಮನಶ್ಶಾಸ್ತ್ರದಲ್ಲಿಯೇ ಸಂಶೋಧನೆ ಮಾಡುತ್ತಿದ್ದೇನೆ. ಮೇಡಂ ಅವರ ಪಟ್ಟಿಯ ಬಗ್ಗೆ ನನ್ನ ಆಕ್ಷೇಪ ಇನ್ನೊಂದು ದಿಕ್ಕಿನಿಂದ ಬರುತ್ತದೆ. ಕಡಿಮೆ ಉಲ್ಲೇಖವಿದ್ದವರಿಗೆ ಅನ್ಯಾಯವಾಗುತ್ತದೆ ಎಂಬ ಮಾತನ್ನು ಎಲ್ಲರೂ ಹೇಳಿದ್ದಾರೆ. ಹೆಚ್ಚು ಉಲ್ಲೇಖಗೊಂಡದ್ದನ್ನು ಪ್ರಶ್ನಿಸದೆ ಒಪ್ಪಿಕೊಳ್ಳುವುದರಿಂದ ಆಟಿಸಂ ಇರುವವರಿಗೆ ಆಗುವ ಅನ್ಯಾಯ ಅದಕ್ಕಿಂತ ದೊಡ್ಡದು.

ಬ್ಯಾರನ್-ಕೋಹೆನ್, ಆಲನ್ ಲೆಸ್ಲಿ ಮತ್ತು ಊಟಾ ಫ್ರಿತ್ ಅವರು 1985ರಲ್ಲಿ 'ಕಾಗ್ನಿಷನ್' ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವು ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡವುಗಳ ಸಾಲಿಗೆ ಸೇರುತ್ತದೆ. ಸ್ಯಾಲಿ ಎಂಬ ಬೊಂಬೆ ತನ್ನ ಗೋಲಿಯನ್ನು ಬುಟ್ಟಿಯಲ್ಲಿಟ್ಟು ಹೊರಗೆ ಹೋಗುತ್ತದೆ, ಆ್ಯನ್ ಎಂಬ ಬೊಂಬೆ ಅದನ್ನು ತೆಗೆದು ಪೆಟ್ಟಿಗೆಯಲ್ಲಿ ಇಡುತ್ತದೆ, ಮರಳಿ ಬಂದ ಸ್ಯಾಲಿ ಗೋಲಿಗಾಗಿ ಎಲ್ಲಿ ಹುಡುಕುತ್ತದೆ ಎಂಬುದು ಪ್ರಶ್ನೆ. ಆಟಿಸಂ ಇದ್ದ 20 ಮಕ್ಕಳಲ್ಲಿ 16 ಮಕ್ಕಳು ಪೆಟ್ಟಿಗೆಯನ್ನು ತೋರಿಸಿದರು. ಡೌನ್ ಸಿಂಡ್ರೋಮ್ ಇದ್ದ 14 ಮಕ್ಕಳಲ್ಲಿ 12 ಮಕ್ಕಳು ಸರಿಯಾಗಿ ಬುಟ್ಟಿಯನ್ನು ತೋರಿಸಿದರು. ಪ್ರಯೋಗದ ವಿನ್ಯಾಸ ಸುಂದರವಾಗಿದೆ. ಅದನ್ನು ಓದಿದಾಗಲೆಲ್ಲ ನನಗೆ ಗೌರವವೇ ಮೂಡುತ್ತದೆ. ಆದರೆ ಆ 20 ಮಕ್ಕಳಲ್ಲಿ 4 ಮಕ್ಕಳು ಸರಿಯಾದ ಉತ್ತರವನ್ನೇ ಕೊಟ್ಟಿದ್ದರು. ಲೇಖನದಿಂದ ಲೇಖನಕ್ಕೆ ಉಲ್ಲೇಖ ಹರಿದಂತೆಲ್ಲ ಆ 4 ಮಕ್ಕಳು ಮರೆಯಾಗಿ, ಆಟಿಸಂ ಇರುವವರಿಗೆ ಇನ್ನೊಬ್ಬರ ಮನಸ್ಸು ತಿಳಿಯುವುದಿಲ್ಲ ಎಂಬ ಒಂದು ವಾಕ್ಯ ಮಾತ್ರ ಉಳಿಯಿತು. ನನ್ನ ತರಗತಿಯಲ್ಲಿಯೂ ಅಧ್ಯಾಪಕರೊಬ್ಬರು ಆ ವಾಕ್ಯವನ್ನು ಹಾಗೆಯೇ ಹಲಗೆಯ ಮೇಲೆ ಬರೆದರು. ನಾನು ಮೂರನೆಯ ಬೆಂಚಿನಲ್ಲಿ ಕುಳಿತಿದ್ದೆ. ಮಾರ್ಟನ್ ಗರ್ನ್ಸ್‌ಬಾಕರ್ ಮತ್ತು ರೆಮಿ ಯೆರ್ಗೋ ಅವರು 2019ರಲ್ಲಿ ಈ ಹೇಳಿಕೆಗಿರುವ ಆಧಾರಗಳ ದೌರ್ಬಲ್ಯವನ್ನು ಒಂದೊಂದಾಗಿ ತೋರಿಸಿದ್ದಾರೆ. ಸ್ವತಃ ಆಟಿಸಂ ಇರುವ ಡೇಮಿಯನ್ ಮಿಲ್ಟನ್ ಅವರು 2012ರಲ್ಲಿಯೇ, ಅರ್ಥವಾಗದಿರುವುದು ಎರಡೂ ಕಡೆಯಿಂದ ಇರುವ ತೊಡಕು, ಒಬ್ಬರ ಮೇಲೆ ಮಾತ್ರ ಹೊರಿಸಬೇಕಾದ ದೋಷವಲ್ಲ ಎಂದು ವಾದಿಸಿದ್ದಾರೆ. ಒಡನಾಟವೇ ನಿಮ್ಮ ವಿಷಯವಾದ್ದರಿಂದ ಇವರಿಬ್ಬರ ಬರಹವನ್ನೂ ಮಿಲ್ಟನ್ ಅವರದನ್ನೂ ಬಿಡಬಾರದು.

ಎಣಿಕೆಗೆ ಹೊಗಳಿಕೆಯೂ ತೆಗಳಿಕೆಯೂ ಒಂದೇ ಎಂಬುದಕ್ಕೆ ಆಟಿಸಂನಷ್ಟು ಕಹಿಯಾದ ಉದಾಹರಣೆ ಬೇರೆ ಕ್ಷೇತ್ರದಲ್ಲಿ ಸಿಗುವುದು ಕಷ್ಟ. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಯನ್ನು ಆಟಿಸಂಗೆ ತಳುಕು ಹಾಕಿದ ಆಂಡ್ರ್ಯೂ ವೇಕ್‌ಫೀಲ್ಡ್ ಅವರ 1998ರ ಲೇಖನವು 12 ಮಕ್ಕಳನ್ನು ಕುರಿತದ್ದಾಗಿತ್ತು. 'ಲ್ಯಾನ್ಸೆಟ್' ಪತ್ರಿಕೆ 2010ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಅದೂ ಸಾವಿರಕ್ಕಿಂತ ಹೆಚ್ಚು ಬಾರಿ ಉಲ್ಲೇಖಗೊಂಡಿದೆ, ಬಹುಪಾಲು ಅದನ್ನು ತಪ್ಪೆಂದು ತೋರಿಸುವುದಕ್ಕಾಗಿ. ಸಂಖ್ಯೆಯನ್ನು ಮಾತ್ರ ನೋಡಿದವರಿಗೆ ಅದೂ ಒಂದು ದೊಡ್ಡ ಲೇಖನವೇ.

ಕೊನೆಯದಾಗಿ, ಪಟ್ಟಿಯಲ್ಲಿ ಹೆಸರೇ ಇಲ್ಲದವರೊಬ್ಬರಿದ್ದಾರೆ. ಕ್ಯಾನರ್ ಮತ್ತು ಆಸ್ಪರ್ಗರ್ ಇಬ್ಬರಿಗಿಂತಲೂ ಮೊದಲೇ, 1925ರಲ್ಲಿ ರಷ್ಯನ್ ಭಾಷೆಯಲ್ಲಿಯೂ ಮರುವರ್ಷ ಜರ್ಮನ್ ಭಾಷೆಯಲ್ಲಿಯೂ, ಗ್ರುನ್ಯಾ ಸುಖರೇವಾ ಎಂಬ ಸೋವಿಯತ್ ಮನೋವೈದ್ಯೆ ಆರು ಹುಡುಗರನ್ನು ವರ್ಣಿಸಿದ್ದರು. ಇಂದು ಓದಿದರೆ ಅದು ಆಟಿಸಂನ ವರ್ಣನೆಯೆಂಬುದರಲ್ಲಿ ಸಂದೇಹ ಉಳಿಯುವುದಿಲ್ಲ. ಸೂಲಾ ವುಲ್ಫ್ ಅವರು 1996ರಲ್ಲಿ ಅದನ್ನು ಇಂಗ್ಲಿಷಿಗೆ ತರುವವರೆಗೆ ಈ ಕ್ಷೇತ್ರದ ಮುಖ್ಯಧಾರೆ ಅದನ್ನು ಹೆಚ್ಚುಕಡಿಮೆ ಗಮನಿಸಿಯೇ ಇರಲಿಲ್ಲ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಪ್ರಬಂಧ ಬರೆಯುತ್ತಿರುವ ನಮಗೆ ಇದು ತೀರ ಹತ್ತಿರದ ಮಾತು ಎಂದುಕೊಂಡಿದ್ದೇನೆ.

ಪ್ರಶ್ನೆ ಕೇಳಿದವರ ಮರುಮಾತು: ವಿಶೇಷ ಶಿಕ್ಷಕಿ, ಹಾಸನ

ನಾಲ್ವರಿಗೂ ಮನಃಪೂರ್ವಕ ಕೃತಜ್ಞತೆಗಳು. ಲಂಡನ್ನಿನ ಸಹೋದರರು ಬರೆದ ಕೈಯ ವಿಷಯವನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನಮ್ಮ ತರಗತಿಯಲ್ಲಿಯೂ ಹಾಗೆ ಕೈ ಹಿಡಿದು ಎಳೆಯುವ ಮೂವರು ಮಕ್ಕಳಿದ್ದಾರೆ. ಬೆಂಗಳೂರಿನ ವಿದ್ಯಾರ್ಥಿ ಹೇಳಿದ ಆ 4 ಮಕ್ಕಳ ವಿಷಯವನ್ನು ನಾನು ಗಮನಿಸಿಯೇ ಇರಲಿಲ್ಲ, ಆ ಲೇಖನವನ್ನು ಈ ವಾರವೇ ಮತ್ತೆ ತೆಗೆದು ಓದುತ್ತೇನೆ.

ಮಾರ್ಗದರ್ಶಕರೊಂದಿಗೆ ನಿನ್ನೆ ಮಾತನಾಡಿದೆ. ವಿದ್ವಾಂಸರ ಹೆಸರುಗಳ ಪಟ್ಟಿಯನ್ನು ಅನುಬಂಧಕ್ಕೆ ಸರಿಸಿ, ಮುಖ್ಯ ಅಧ್ಯಾಯವನ್ನು ವಿಚಾರಗಳ ಕ್ರಮದಲ್ಲಿ ಬರೆಯಲು ಅವರು ಒಪ್ಪಿದ್ದಾರೆ: 1943ರ ಚಿತ್ರ, 1979ರ ಕ್ಯಾಂಬರ್‌ವೆಲ್, 1981ರ ಹೆಸರು, 1985ರ ಪ್ರಯೋಗ, 2012ರ ಆಕ್ಷೇಪ, ಹೀಗೆ. ಪ್ರತಿ ಲೇಖನದ ಉಲ್ಲೇಖಗಳ ಸಂಖ್ಯೆಯನ್ನು ಮಾತ್ರ ಕೊಡಲೇಬೇಕೆಂದು ಹೇಳಿದ್ದಾರೆ. ಇಲ್ಲಿಯೇ ಒಂದು ತೊಡಕು ಎದುರಾಗಿದೆ. ವಿಂಗ್ ಎಂಬ ಹೆಸರಿನಲ್ಲಿ ಹುಡುಕಿದಾಗ ಸ್ಕಿಜೋಫ್ರೀನಿಯಾ ಎಂಬ ಮನೋರೋಗದ ಕುರಿತ ಹಲವಾರು ಲೇಖನಗಳು ಬರುತ್ತಿವೆ. ಅವು ಇವರವೇ?

ಉತ್ತರ: ನಿವೃತ್ತ ಗ್ರಂಥಪಾಲಕ, ಧಾರವಾಡ

ಅವುಗಳಲ್ಲಿ ಬಹುಪಾಲು ಅವರ ಪತಿ ಜಾನ್ ಕೆ. ವಿಂಗ್ ಅವರವು. ಅವರೂ ಹೆಸರಾಂತ ಮನೋವೈದ್ಯರು, ಸ್ಕಿಜೋಫ್ರೀನಿಯಾ ಅವರ ಮುಖ್ಯ ವಿಷಯ. ಗೊಂದಲ ಹೆಚ್ಚಾಗಲು ಇನ್ನೂ ಒಂದು ಕಾರಣವಿದೆ: ಅವರು ಆಟಿಸಂ ಕುರಿತೂ ಬರೆದಿದ್ದಾರೆ, 1966ರಲ್ಲಿ ಬಂದ ಆಟಿಸಂ ಲೇಖನಗಳ ಸಂಪುಟವೊಂದರ ಸಂಪಾದಕರೂ ಅವರೇ. ಆದ್ದರಿಂದ ವಿಷಯವನ್ನು ನೋಡಿ ಬೇರ್ಪಡಿಸಲು ಹೋಗಬೇಡಿ. ಹೆಸರಿನ ಮೊದಲಕ್ಷರವನ್ನು ನೋಡಿ: ಎಲ್. ವಿಂಗ್ ಎಂದಿದ್ದರೆ ಇವರು, ಜೆ. ಕೆ. ವಿಂಗ್ ಎಂದಿದ್ದರೆ ಪತಿ. ಮೊದಲಕ್ಷರವಿಲ್ಲದೆ ಬರಿಯ ವಿಂಗ್ ಎಂದಿರುವ ಪ್ರತಿಯೊಂದನ್ನೂ ತೆರೆದು ಮೊದಲ ಪುಟವನ್ನು ನೋಡಲೇಬೇಕು.

1979ರ ಲೇಖನದ ವಿಷಯದಲ್ಲಿಯೂ ಒಂದು ಎಚ್ಚರಿಕೆ. ಅದು ಪ್ರಕಟವಾದ ಪತ್ರಿಕೆ 1971ರಲ್ಲಿ 'ಜರ್ನಲ್ ಆಫ್ ಆಟಿಸಂ ಆ್ಯಂಡ್ ಚೈಲ್ಡ್‌ಹುಡ್ ಸ್ಕಿಜೋಫ್ರೀನಿಯಾ' ಎಂಬ ಹೆಸರಿನಲ್ಲಿ ಆರಂಭವಾಗಿ, ಸರಿಯಾಗಿ ಅದೇ 1979ರಲ್ಲಿ, 9ನೆಯ ಸಂಪುಟದಿಂದ, 'ಜರ್ನಲ್ ಆಫ್ ಆಟಿಸಂ ಆ್ಯಂಡ್ ಡೆವಲಪ್‌ಮೆಂಟಲ್ ಡಿಸಾರ್ಡರ್ಸ್' ಎಂದು ಹೆಸರು ಬದಲಿಸಿಕೊಂಡಿತು. ಹಳೆಯ ಹೆಸರಿನಿಂದ ಉಲ್ಲೇಖಿಸಿದವರೂ ಇರಬಹುದು. ಕೋಶಗಳಲ್ಲಿ ಅಂಥವು ಬೇರೆಯೇ ಒಂದು ದಾಖಲೆಯಾಗಿ ನಿಲ್ಲುತ್ತವೆ. ಎರಡೂ ಹೆಸರುಗಳಲ್ಲಿ ಹುಡುಕಿ, ಸಂಪುಟ 9, ಪುಟ 11ರಿಂದ 29 ಎಂಬುದನ್ನು ತಾಳೆ ನೋಡಿ, ಆಮೇಲೆ ಕೂಡಿಸಿಕೊಳ್ಳಿ. ಎಲ್ಲಿಯಾದರೂ ಸಿಕ್ಕಿಕೊಂಡರೆ ಇಲ್ಲಿಯೇ ಬರೆಯಿರಿ ಮೇಡಂ, ನಾನೂ ಕುಳಿತು ನೋಡುತ್ತೇನೆ.